ರಂಗೋಲಿಯ ಕೆಳಗಿನ ತೊಲೆ

ಮಳೆಗಾಲಕ್ಕೆ ಮುಂಚೆ ಹಿತ್ತಲಿನ ಮರದ ಡೆಕ್ಕಿಗೆ ಬಳಿಯೋಣವೆಂದು ಮೊನ್ನೆ ಅಗಸೆ ಎಣ್ಣೆಯ ಡಬ್ಬಿ ತೆರೆದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಪಕ್ಕದ ಮನೆಯ ಅಂಕಲ್ ನೆನಪಾದರು. ಅವರ ಅಂಗಿಗೂ ಇದೇ ವಾಸನೆ ಇರುತ್ತಿತ್ತು...

ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಲೋಹದ ಎರಕಕ್ಕೆ ಮರದ ಅಚ್ಚು ಮಾಡುವ ಕೆಲಸದಲ್ಲಿದ್ದು ನಿವೃತ್ತರಾದವರು ಅವರು. ಅಲ್ಲಾಳಸಂದ್ರದ ನಮ್ಮ ಮನೆಯ ಹಿತ್ತಲು ಇಳಿಜಾರು. ಅಡುಗೆಮನೆ ಬಾಗಿಲಿನಾಚೆ ಕಂಬ ನಿಲ್ಲಿಸಿ, ಆಳೆತ್ತರದಲ್ಲಿ ಹಲಗೆ ಹಾಸಿ ಈ ಡೆಕ್ ಮಾಡಿಸಿದ್ದೆವು. ಮೊದಲ ವರ್ಷ ಅಂಕಲ್ ತಾವೇ ಎಣ್ಣೆ ಬಳಿದು ತೋರಿಸಿದರು. ಗುಡಿಸು, ಹಿಂಡಿದ ಬಟ್ಟೆಯಲ್ಲಿ ಒರೆಸು, ಸಂದಿಗಳಲ್ಲಿ ಕಸ ಕೂರಲು ಬಿಡಬೇಡ. ಇಷ್ಟೇ ಅವರ ಪಾಠ.

ನಾನು ಕೇಳಬೇಕಲ್ಲ. ಬೆಳಗ್ಗೆ ಎದ್ದು ನೀರು ಹಾಕಿ ತೊಳೆದು ರಂಗೋಲಿ ಇಡದಿದ್ದರೆ ಅದು ಮನೆಯೇ ಅಲ್ಲ ಎಂದು ನಂಬಿ ಬೆಳೆದವಳು. ದಿನಾ ಎರಡು ಬಕೆಟ್ ನೀರು ಸುರಿದೆ. ಸಂದಿಯಲ್ಲಿ ಪುಡಿ ಉದುರಿ ಎಳೆ ಮುರಿಯುತ್ತದೆಂದು ಸಂದಿಗಳಿಗೆಲ್ಲ ಪುಟ್ಟಿ ತುಂಬಿಸಿ ಮೇಲೆ ವಾರ್ನಿಶ್ ಹೊಡೆಸಿದೆ. ಡೆಕ್ಕು ಫಳಫಳ ಹೊಳೆಯಿತು. ಬಂದವರಿಗೆಲ್ಲ ತೋರಿಸಿ ಬೀಗಿದ್ದೇ ಬೀಗಿದ್ದು.

ತಂಗಿಯ ಸೀಮಂತವೂ ಅಲ್ಲೇ ಆಗಬೇಕೆಂದು ಹಟ ಹಿಡಿದವಳು ನಾನು. ಆ ಬೆಳಗ್ಗೆ ಡೆಕ್ಕಿನ ನಡುವೆ ರಂಗೋಲಿ, ಅದರ ಮೇಲೆ ಹೂ ಸುತ್ತಿದ ಕುರ್ಚಿ. ಹಾಲ್ ತುಂಬ ನೆಂಟರು, ಬಳೆಗಾರರೂ ಬಂದಾಗಿತ್ತು. ಅಷ್ಟರಲ್ಲಿ ಅಂಕಲ್ ಸ್ಕ್ರೂಡ್ರೈವರ್ ಹಿಡಿದು ಬಂದರು. ಅವರ ಹಿತ್ತಲಿಗೆ ನಮ್ಮ ಡೆಕ್ಕಿನ ಅಡಿಭಾಗ ಕಾಣುತ್ತಿತ್ತು.

"ಪುಟ್ಟಿ ತುಂಬಿ ನೀರು ಆರದೆ ಕೆಳಗಡೆ ತೊಲೆ ಕೊಳೆತ್ಹೋಗಿದೆ ಕಣಮ್ಮ," ಎಂದರು ಮೆಲ್ಲಗೆ. "ಇದನ್ನ ಚುಚ್ಚಿದ್ರೆ ಹಿಡಿವರೆಗೂ ಒಳಗ್ ಹೋಯ್ತು. ಹಾಲ್‌ನಲ್ಲೇ ಮಾಡ್ಕೊಳ್ಳಿ."

ದೂರದಿಂದ ಬೀಗಿತ್ತಿ, ತಂಗಿಯ ಅತ್ತೆ, ನಮ್ಮನ್ನೇ ನೋಡುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು.

"ಒಂದ್ ಬಿರುಕೂ ಇಲ್ಲ ಅಂಕಲ್. ಶುಭಕಾರ್ಯದ ಹೊತ್ತಲ್ಲಿ ಅಪಶಕುನ ನುಡೀಬೇಡಿ," ಎಂದೆ. ಕೊನೆಯ ಮಾತಿಗೆ ದನಿ ಜೋರಾಯಿತು. ಹಾಲ್ ಪೂರ್ತಿ ತಿರುಗಿ ನೋಡಿತು.

ಅವರ ಮುಖ ಸಣ್ಣಗಾಯಿತು. ನಾನು ಲೆಕ್ಕಿಸದೆ ತಂಗಿಯ ಮೊಣಕೈ ಹಿಡಿದು ಹೊರಟೆ. ಏಳು ತಿಂಗಳ ಬಸುರಿ, ಸೀರೆಯ ನೆರಿಗೆ ಎತ್ತಿ ಹಿಡಿದು ಹೊಸ್ತಿಲ ಹತ್ತಿರ ಬಂದಳು.

"ಹಂಗಾದ್ರೆ ಮೊದಲು ನಾನ್ ನಿಲ್ತೀನಿ ತಡಿ," ಎಂದು ಅಂಕಲ್ ನನ್ನ ಕಿವಿಯಲ್ಲಷ್ಟೇ ಹೇಳಿ ನಮ್ಮನ್ನು ಸರಿಸಿ ಹೋದರು. ಕುರ್ಚಿಯ ಪಕ್ಕ ನಿಂತು ಎರಡೂ ಕಾಲಿನ ಮೇಲೆ ಭಾರ ಬಿಟ್ಟರು. ಬೈಯಲು ಬಾಯಿ ತೆರೆದಿದ್ದೆ. ಚಟ್ಟೆಂದು ಸದ್ದಾಯಿತು... ರಂಗೋಲಿ, ಕುರ್ಚಿ, ಅಂಕಲ್, ಎಲ್ಲ ಒಟ್ಟಿಗೆ ಕೆಳಗೆ ಹೋದವು. ತಂಗಿಯ ಒಂದು ಕಾಲು ಆಗಲೇ ಹೊಸ್ತಿಲು ದಾಟಿತ್ತು.

ಅವರ ತೊಡೆಯ ಮೂಳೆ ಮುರಿದಿತ್ತು. ಆಸ್ಪತ್ರೆಯಲ್ಲಿ ಬೀಗಿತ್ತಿ ಏನಾಯಿತೆಂದು ಕೇಳಿದಾಗ, "ಪಾಪ, ನೋಡದೆ ಕಾಲಿಟ್ಬಿಟ್ರು," ಎಂದುಬಿಟ್ಟೆ. ಸ್ಟ್ರೆಚರ್ ಮೇಲೆ ಮಲಗಿದ್ದ ಅಂಕಲ್‌ಗೆ ಅದು ಕೇಳಿಸಿತು. ನನ್ನನ್ನೊಮ್ಮೆ ನೋಡಿ ಕಣ್ಣು ಮುಚ್ಚಿಕೊಂಡರು.

ಆಮೇಲೆ ಅವರು ಕೋಲಿಲ್ಲದೆ ನಡೆಯಲಿಲ್ಲ. ನಾನು ತೊಲೆ ಬದಲಿಸಿ ಡೆಕ್ ಸರಿಮಾಡಿಸಿದೆ. ತಪ್ಪಾಯಿತು ಎನ್ನಲು ಎಷ್ಟೋ ಸಲ ಹೋದೆ. "ಪುಟ್ಟಿ ಎಲ್ಲ ತೆಗೆಸಿದ್ಯಾ?" ಎಂದಷ್ಟೇ ಕೇಳುತ್ತಿದ್ದರು. ಹೂಂ ಎಂದು, ಕಾಫಿ ಕುಡಿದು ಬರುತ್ತಿದ್ದೆ. ಹೋದ ವರ್ಷ ಅವರು ತೀರಿಕೊಂಡರು.

ಮೊನ್ನೆ ನಾನು ಎಣ್ಣೆ ಬಳಿಯುತ್ತಿದ್ದಾಗ ತಂಗಿಯ ಮಗಳು ಓಡಿ ಬಂದಳು. ಆರು ವರ್ಷದ ಚೂಟಿ. ಹಿಂದೆಯೇ ಬಂದ ತಂಗಿ, "ಹುಷಾರು ಕಣೇ, ಪಕ್ಕದ್ಮನೆ ತಾತ ನೋಡದೆ ಕಾಲಿಟ್ಟು ಇಲ್ಲೇ ಬಿದ್ದಿದ್ರು," ಎಂದಳು.

ನನ್ನ ಕೈ ನಿಂತಿತು. "ನೋಡ್ಕೊಂಡೇ ಇಟ್ಟಿದ್ದು ಕಣೇ," ಎಂದೆ. ಅವರು ಮೊದಲೇ ಎಚ್ಚರಿಸಿದ್ದು, ನಾನು ಕೇಳದಿದ್ದದ್ದು, ಅವಳಿಗಿಂತ ಮುಂಚೆ ಅವರೇ ಹೋಗಿ ನಿಂತದ್ದು, ಅಂದು ಅವಳ ಕಿವಿಗೆ ಬೀಳದ್ದನ್ನೆಲ್ಲ ಹೇಳಿದೆ.

ತಂಗಿ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಒಂದ್ಸಲನಾದ್ರೂ ಇವಳನ್ನ ಅವರ ತೊಡೆ ಮೇಲೆ ಮಲಗಿಸ್ತಿದ್ದೆ ಅಕ್ಕ," ಎಂದಳು. "ನೀನು ಹೇಳ್ಲೇ ಇಲ್ವಲ್ಲ."