ಅಪ್ಪನ ಗೇಣು

“ಡಿಗ್ರಿಗಿಗ್ರಿ ಎಲ್ಲ ನಮ್ಮ ಮನೇಲಿ ಆಗೋ ಮಾತಲ್ಲ ಕಣವ್ವ” ಎಂದವನು ನನ್ನ ಅಪ್ಪನೇ. ಬೈದು ಹೇಳಿದ್ದಲ್ಲ. ಬಸ್ ಸ್ಟ್ಯಾಂಡಿನ ಎದುರು ಚಪ್ಪಲಿ ಹೊಲಿಯುತ್ತ, ತಲೆ ಎತ್ತದೆ ಹೇಳಿದ್ದ. ನಮ್ಮಲ್ಲಿ ಪಿಯುಸಿ ಮುಗಿಸಿದ್ದೇ ದೊಡ್ಡದು. ನಾನೂ ನಂಬಿದೆ. ಶಾಲೆಯ ಅರ್ಜಿಗಳಲ್ಲಿ ಅಪ್ಪನ ಕಸುಬಿನ ಜಾಗದಲ್ಲಿ ‘ವ್ಯಾಪಾರ’ ಎಂದು ಬರೆದವಳು ನಾನು.

ಮದುವೆಯಾಗಿ ಡಬ್ಲಿನ್ನಿಗೆ ಬಂದೆ. ಅಲ್ಲಿನ ಕ್ಲಾಂಡಾಲ್ಕಿನ್ ಬಡಾವಣೆಯ ಗೋದಾಮೊಂದರಲ್ಲಿ ಪೆಟ್ಟಿಗೆಗಳಿಗೆ ಟೇಪು ಸುತ್ತುತ್ತಲೇ ಪರಿಸರ ವಿಜ್ಞಾನದ ಪಾರ್ಟ್‌ಟೈಮ್ ಡಿಗ್ರಿಗೆ ಸೇರಿದಾಗ ನನಗೆ ಮೂವತ್ತನಾಲ್ಕು. ಕೊನೆಯ ವರ್ಷದ ಪ್ರಾಜೆಕ್ಟಿಗೆ ಕಾಲುವೆಯ ಆರು ಕಡೆ ಒಂದೇ ದಿನ ನೀರು ತುಂಬಿ ತರಬೇಕಿತ್ತು. ಸುರಿವ ಮಳೆಯಲ್ಲಿ ಬಗ್ಗಿದಾಗ ಕೋಟಿನ ಜೇಬಿನಿಂದ ಎರಡು ಬಾಟಲಿ ಜಾರಿ ಕಾಲುವೆ ಸೇರಿದವು. ಉಳಿದ ನಾಲ್ಕೂ ದಂಡ. ಇನ್ನೊಂದೇ ಅವಕಾಶ, ಅದೂ ತಪ್ಪಿದರೆ ಈ ವರ್ಷ ಪದವಿ ಇಲ್ಲ ಎಂದರು ಮೇಷ್ಟರು.

ಈ ಸಲ ಬಾಟಲಿಗಳನ್ನು ಸೊಂಟಕ್ಕೇ ಕಟ್ಟಿಕೊಳ್ಳೋಣವೆಂದು ಹುಡುಕಿದರೆ, ಅಂಗಡಿಯ ಬೆಲ್ಟುಗಳಲ್ಲಿ ಸುತ್ತಿಗೆಗೆ ಜಾಗವಿತ್ತು, ನನ್ನ ಬಾಟಲಿಗೆ ಇರಲಿಲ್ಲ. ಹಿಂದೆ ಕುದುರೆ ಸಾಕಿದ್ದ ಪಕ್ಕದ ಮನೆಯ ಅಜ್ಜ ಶೆಡ್ಡಿನಿಂದ ಹಳೆಯ ತೊಗಲಿನ ಪಟ್ಟಿಗಳನ್ನು ತಂದುಕೊಟ್ಟು, “ಗ್ರ್ಯಾಂಡ್ ಲೆದರ್” ಎಂದರು. ಬೆಲ್ಟು ಹೊಲಿಯುವುದು ಹೇಗೆಂದು ಕೇಳಲು ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ.

“ಆ ಮಳೆ ಕೋಟು ಹಾಕ್ಕೊಂಡು ಒಂದ್ಸುತ್ತು ತಿರುಗು ನೋಡಾಣ.”

ತಿರುಗಿದೆ.

“ಐದು ಗೇಣು. ಕೊಯ್ಯಿ.”

“ಟೇಪಲ್ಲಿ ಎಷ್ಟಪ್ಪ?”

“ಟೇಪು ನಿನ್ ಕಾಲೇಜಿಗೆ ಇಟ್ಕೋ. ಐದು ಗೇಣು.”

ಹೆಬ್ಬೆರಳಿನಿಂದ ಕಿರುಬೆರಳಿಗೆ ಐದು ಸಲ ಅಳೆದು ಕೊಯ್ದೆ. ಬಾಟಲಿಯ ಚೀಲಗಳಿಗೆ ತೊಗಲು ನೆನೆಸಿ, ಬಾಟಲಿಗೇ ಸುತ್ತಿ ನೆರಳಲ್ಲಿ ಒಣಗಿಸು ಎಂದಿದ್ದ. ಐರ್ಲೆಂಡಿನಲ್ಲಿ ನೆರಳಿಗೇನು ಬರ! ಆರು ಚೀಲವೂ ಚೆನ್ನಾಗಿ ಬಂದವು. ಭಾನುವಾರ ಬೆಳಿಗ್ಗೆ ಕೋಟಿನ ಮೇಲೆ ಕಟ್ಟಿ ನೋಡಿದರೆ ಬಕಲ್‌ಗೆ ಪಟ್ಟಿ ಎಟುಕಲೇ ಇಲ್ಲ. ಮಾರನೆಯ ದಿನವೇ ಕಾಲುವೆಗೆ ಹೋಗಬೇಕು. ಅಪ್ಪನಿಗೆ ಮತ್ತೆ ವಿಡಿಯೋ ಕಾಲ್ ಮಾಡಿದೆ.

“ಯಾರ ಕೈಯಲ್ಲಿ ಅಳೆದೆ?”

“ನನ್ನ ಕೈಯಲ್ಲೇ.”

ಅಪ್ಪ ಹಣೆ ಚಚ್ಚಿಕೊಂಡ. “ನಿನ್ ಗೇಣು ಯಾರ್ ಕೇಳಿದ್ರೇ ತಾಯಿ! ನಂದು, ನಂದು!” ಅಂಗೈ ಅಗಲಿಸಿ ಫೋನಿಗೆ ಹಿಡಿದ. ಪರದೆ ತುಂಬಿಹೋಯಿತು. ದಾರ ಎಳೆದೆಳೆದು ಗೆರೆ ಬಿದ್ದ ಬೆರಳುಗಳು. ಅಷ್ಟು ವರ್ಷ ಅನ್ನ ಹಾಕಿದ ಆ ಕೈಯನ್ನು ನಾನು ಸರಿಯಾಗಿ ನೋಡಿದ್ದು ಅವತ್ತೇ ಇರಬೇಕು.

“ಅಳಬೇಡ. ಇನ್ನೊಂದು ತುಂಡು ಐತಲ್ಲ? ಎರಡರ ತುದೀನೂ ಓರೆಯಾಗಿ ಸವರು, ಕಾಗದದ ಥರ ತೆಳ್ಳಗಾಗ್ಲಿ. ಒಂದರ ಮೇಲೊಂದು ಕೂರ್ಸಿ ಎರಡು ಸಾಲು ಹೊಲಿ. ಜೋಡಣೆ ಬೆನ್ನಿನ ಕಡೆ ಬರ್ಲಿ.”

ಮಧ್ಯಾಹ್ನವಿಡೀ ಫೋನಿನ ಮುಂದೆ ಕೂತಿದ್ದ. ಹೊಲಿಗೆ ಸೊಟ್ಟಗಾದಾಗಲೆಲ್ಲ “ಬಿಚ್ಚು” ಎಂದ. ನಾಲ್ಕನೆಯ ಸಲ ಬಿಚ್ಚು ಎನ್ನಲಿಲ್ಲ. ಫೋನಿನ ಹತ್ತಿರಕ್ಕೆ ಮುಖ ತಂದು ನೋಡಿ, “ಕೈ ನಂದೇ ಐತಲ್ಲೇ” ಎಂದ.

ಮಾರನೆಯ ದಿನವೂ ಮಳೆಯೇ. ಆರು ಬಾಟಲಿಯೂ ಸೊಂಟದಲ್ಲೇ ಕೂತು ಮನೆಗೆ ಬಂದವು. ಪ್ರಾಜೆಕ್ಟಿನ ಮೌಖಿಕ ಪರೀಕ್ಷೆಯಲ್ಲಿ ಮೇಷ್ಟರು ಬೆಲ್ಟನ್ನು ತಿರುಗಿಸಿ ತಿರುಗಿಸಿ ನೋಡಿ, ಎಲ್ಲಿ ಕಲಿತೆ ಎಂದು ಕೇಳಿದರು. “ನಮ್ಮಪ್ಪ ಚಪ್ಪಲಿ ಹೊಲೀತಾರೆ. ಅವರೇ ಕಲಿಸಿದ್ದು” ಎಂದೆ. ಹೇಳುವುದು ಇಷ್ಟು ಸುಲಭವಿತ್ತೆ ಅನ್ನಿಸಿತು.

ಘಟಿಕೋತ್ಸವಕ್ಕೆ ಅಪ್ಪ ಬಂದ. ಇಸ್ತ್ರಿ ಅಂಗಿ, ಚಳಿಗೆ ಕಾಲುಚೀಲ, ಅದರ ಮೇಲೆ ತಾನೇ ಹೊಲಿದ ಚಪ್ಪಲಿ. ಸಭಾಂಗಣದ ಹೊರಗೆ ಸರ್ಟಿಫಿಕೇಟನ್ನು ಅವನ ಕೈಗೆ ಕೊಟ್ಟೆ. ಇಂಗ್ಲಿಷು ಓದಲು ಬರದು. ಅಂಗೈಯನ್ನು ಅಂಗಿಗೆ ಒರೆಸಿಕೊಂಡು, ಹಾಳೆಯ ಒಂದು ಅಂಚಿಗೆ ಹೆಬ್ಬೆರಳು ಊರಿ, ಕಿರುಬೆರಳು ಚಾಚಿದ.

“ಒಂದು ಗೇಣು, ಮೂರು ಬೆರಳು” ಎಂದ. “ನನ್ನ ಗೇಣಲ್ಲಿ ಕಣವ್ವ.”