ಕಣದ ಪಾಲು

ಹೊಲ ಪಾಲಾದ ದಿನ ಅಲ್ಲಿದ್ದವರು ಐದೇ ಜನ. ಅಣ್ಣ, ಅತ್ತಿಗೆ, ನಾನು, ನನ್ನ ಹೆಂಡತಿ, ಮತ್ತೆ ನ್ಯಾಯ ಹೇಳಲಿಕ್ಕೆಂದು ಉಕ್ಕಡಗಾತ್ರಿಯಿಂದ ಬೆಳಗಿನ ಬಸ್ಸಿಗೇ ಬಂದಿಳಿದಿದ್ದ ಸೋದರಮಾವ. ಹರಿಹರ ದಾಟಿ ನಂದಿಗುಡಿಗೆ ಹೋಗುವ ದಾರಿಯ ಮಗ್ಗುಲಲ್ಲಿ ಅಪ್ಪ ಬಿಟ್ಟುಹೋದ ನಾಲ್ಕೆಕರೆ ಅದು. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಅಣ್ಣ ಹರಿಹರದಲ್ಲಿದ್ದು ಬೇಸಾಯ ನೋಡಿಕೊಳ್ಳುತ್ತಿದ್ದ. ನಾನು ದಾವಣಗೆರೆಯಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದೆ.

ನಮ್ಮ ಕಡೆ ಹಿರಿಯರು ಹಾಕಿಕೊಟ್ಟ ಪದ್ಧತಿಯೊಂದಿದೆ: ದೊಡ್ಡವನು ಪಾಲು ಮಾಡಬೇಕು, ಚಿಕ್ಕವನು ಆರಿಸಿಕೊಳ್ಳಬೇಕು. ಆಮೇಲೆ ಯಾರೂ ತುಟಿ ಬಿಚ್ಚುವಂತಿಲ್ಲ. ಅಣ್ಣ, ಮಾವ ಸೇರಿ ಅಳತೆಯ ಹಗ್ಗ ಎಳೆದರು. ಒಂದು ಕಡೆಗೆ ಅಪ್ಪನ ಕಾಲದ ಕಣ, ಅದಕ್ಕೆ ಗಾಡಿ ಬರುವ ಜಾಡು, ಬಣವೆ ಹಾಕುವ ಜಾಗ ಬಂತು. ಇನ್ನೊಂದು ಕಡೆ ಬರೀ ಹೊಲ. ಅಲ್ಲಿ ಅಣ್ಣ ವರ್ಷ ಬಿಟ್ಟು ವರ್ಷ ತೊಗರಿ ಹಾಕುತ್ತಿದ್ದ.

ನಾನು ಹೊಲವನ್ನು ನೋಡುವುದು ಬಿಟ್ಟು ಅತ್ತಿಗೆಯ ಮುಖ ನೋಡುತ್ತಿದ್ದೆ. ಆಕೆ ಮೂರು ಸಲ ಕಣದ ಕಡೆ ತಿರುಗಿದಳು. ಹೋ, ಇವರ ಮನಸ್ಸು ಅಲ್ಲಿದೆ ಅಂದುಕೊಂಡೆ. ಮೂವತ್ತು ವರ್ಷ ರಾಶಿ ಬಿದ್ದ ಜಾಗ, ಎತ್ತು ಸಗಣಿ ಹಾಕಿದ ಜಾಗ, ಅದಕ್ಕಿಂತ ಸಾರದ ಮಣ್ಣು ಎಲ್ಲಿದ್ದೀತು? ಅಣ್ಣನ ಮೇಲೆ ನನ್ನ ಹೊಟ್ಟೆಕಿಚ್ಚು ಹೊಸದೇನಲ್ಲ. ರಾಶಿ ಪೂಜೆಗೆ ಅಪ್ಪ ಅವನ ಕೈಗೇ ಕಾಯಿ ಕೊಡುತ್ತಿದ್ದ. ನನ್ನ ಕೈಗೆ ಬರುತ್ತಿದ್ದದ್ದು ಒಡೆದ ಚಿಪ್ಪು. ಮಾವ ಕೇಳುವ ಮೊದಲೇ "ಕಣದ ಪಾಲು ನಂದು" ಅಂದುಬಿಟ್ಟೆ.

ಅಣ್ಣ "ಇನ್ನೊಂದು ಸಲ ನೋಡ್ಕೊಳ್ಳೋ" ಅಂದ. ಅದು ಕೇಳಿ ನನ್ನ ಅನುಮಾನ ಇನ್ನೂ ಗಟ್ಟಿಯಾಯಿತು.

ಒಕ್ಕಣೆ ಮಷೀನು ಬಂದು ಕಣ ಹೇಗೂ ಮೂಲೆಗೆ ಬಿದ್ದಿತ್ತು. ಬಾಡಿಗೆ ಟ್ರ್ಯಾಕ್ಟರಿನಿಂದ ಮೇಲೆ ಮೇಲೆ ಕೆದರಿಸಿ ಇಬ್ಬರೂ ಮೆಕ್ಕೆಜೋಳ ಹಾಕಿದೆವು. ಬೀಜ ಒಂದೇ ಅಂಗಡಿಯದು, ಬಿತ್ತಿದ್ದು ಒಂದೇ ದಿನ, ಮಳೆ ಇಬ್ಬರಿಗೂ ಒಂದೇ. ತಿಂಗಳು ಕಳೆಯುವುದರೊಳಗೆ ಅಣ್ಣನದು ಸೊಂಟಕ್ಕೆ ಬಂತು, ಎಲೆ ನೋಡಿದರೆ ಕಪ್ಪು ಹಸಿರು. ನನ್ನದು ಮೊಣಕಾಲಿಗೆ ನಿಂತು ಹಳದಿಯಾಯಿತು. ಮಳೆ ಬಂದರೆ ನನ್ನ ಪಾಲಿನಲ್ಲಿ ಎರಡು ದಿನ ನೀರು ನಿಲ್ಲುತ್ತಿತ್ತು; ನಾಲ್ಕು ದಿನ ಬಿಸಿಲು ಬಿದ್ದರೆ ಗರಿ ಸುತ್ತಿಕೊಳ್ಳುತ್ತಿದ್ದವು. ಬದುವಿನ ಆಚೆ ಏನೂ ಆಗಿರುತ್ತಿರಲಿಲ್ಲ.

ಗಿರಣಿಯಲ್ಲಿ ಕೂತರೂ ನನಗೆ ಅದೇ ಧ್ಯಾನ. ಜನ ಜೋಳದ ಚೀಲ ತಂದಿಟ್ಟರೆ, ಅಣ್ಣನ ಹೊಲದಿಂದ ಇಂಥವು ಎಷ್ಟು ಬರಬಹುದೋ ಅನ್ನಿಸುತ್ತಿತ್ತು. ಗೊಬ್ಬರ ಕದ್ದುಮುಚ್ಚಿ ಹಾಕಿದ್ದಾನೆ ಅಂದುಕೊಂಡೆ. ಭಾನುವಾರ ಹೋದಾಗ ಬದುವಿನ ಮೇಲೆ ನಿಂತು ಅವನ ಗಿಡದ ಎಲೆ ಎಣಿಸುತ್ತಿದ್ದೆ. ಒಂದು ಭಾನುವಾರ ನೋಡಿದರೆ ಅತ್ತಿಗೆ ಹಳೇ ಮಡಕೆಗೆ ಸುಣ್ಣದ ಬೊಟ್ಟಿಟ್ಟು ಕೋಲಿಗೆ ಸಿಕ್ಕಿಸಿ ದೃಷ್ಟಿಗೆ ನಿಲ್ಲಿಸಿದ್ದಳು. ಮಡಕೆಯ ಮುಖ ಸರಿಯಾಗಿ ನನ್ನ ಕಡೆ!

"ಯಾಕ ಅತ್ತಿಗಿ, ನನ್ನ ಕಣ್ಣು ಅಷ್ಟು ಕೆಟ್ಟದ್ದೇನು?"

"ಅಯ್ಯ, ರಸ್ತಿ ಆ ಕಡಿಗೆ ಐತಲ್ಲಪ್ಪ, ಹೋಗೋ ಬರೋರ ದೃಷ್ಟಿಗೆ ಇಟ್ಟಿದ್ದು" ಅಂದಳು. "ನಡುವೆ ನೀನು ಬಂದು ನಿಂತ್ರೆ ನಾನೇನು ಮಾಡ್ಲಿ?"

ಪಕ್ಕದಲ್ಲಿದ್ದ ನನ್ನ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನನಗೆ ಆ ನಗುವೂ ಚುಚ್ಚಿತು.

ಶ್ರಾವಣದಲ್ಲಿ ಗಾಳಿ ಮಳೆ ಬಂತು. ನನ್ನ ಪೈರು ಸಾಲು ಹಿಡಿದು ಮಲಗಿತು. ಅಣ್ಣನದು ತಲೆ ಕೊಡವಿ ನಿಂತಿತ್ತು. ಇನ್ನು ತಡೆಯಲಾರದೆ ಮಾವನನ್ನು ಕರೆಸಿದೆ. ಆರಿಸಿದವನು ನಾನೇ, ಮಾತಾಡುವ ಹಕ್ಕಿಲ್ಲ ಅಂತ ಗೊತ್ತಿತ್ತು. ಆದರೂ ಮತ್ತೆ ಆ ಐವರೇ ಹೊಲದಲ್ಲಿ ನಿಂತಾಗ ಹೇಳಿಬಿಟ್ಟೆ: "ಪಾಲು ಅದಲುಬದಲು ಆಗ್ಬೇಕು. ಇದ್ರಾಗೆ ಏನೋ ಮೋಸ ಐತೆ."

"ಆರಿಸಿದ್ದು ಯಾರು?" ಅಂದಳು ಅತ್ತಿಗೆ.

"ನೀವು ಅವತ್ತು ಕಣದ ಕಡಿಗೇ ನೋಡ್ತಿದ್ರಿ!"

"ಬಣವಿ ಹತ್ರ ನೀರಿನ ಕೊಡ ಮರೆತು ಬಂದಿದ್ದೆ, ಯಾರಾದ್ರೂ ಒಯ್ದಾರು ಅಂತ ನೋಡ್ತಿದ್ದೆ. ಕೊಡ ನೋಡಿ ಹೊಲ ಆರಿಸ್ತಾರೇನು?"

ಮಾವ ಪಂಚೆ ಮೇಲಕ್ಕೆತ್ತಿ ಕಟ್ಟಿದ. "ಹಾರಿ, ಗುದ್ಲಿ ತರ್ರಿ" ಅಂದ. ಮೊದಲು ಅಣ್ಣನ ಪಾಲಿನಲ್ಲಿ ಒಂದು ಗಿಡದ ಮಗ್ಗುಲಿಗೆ ಅಗೆದ. ಮಣ್ಣು ಹದವಾದ ಉಪ್ಪಿಟ್ಟಿನ ಹಾಗೆ ಉದುರುದುರಾಗಿ ಬಂತು. ಎರಡು ಮೊಳ ಇಳಿದರೂ ಬೇರು ಮುಗಿಯಲಿಲ್ಲ. ಹಳೇ ತೊಗರಿ ಬೇರು ಕೊಳೆತು ಹೋದ ಕಡೆ ಬೆರಳು ತೂರುವಷ್ಟು ತೂತುಗಳಿದ್ದವು. ಜೋಳದ ಬೇರು ಅವನ್ನೇ ಹಿಡಿದು ಕೆಳಕ್ಕೆ ಹೋಗಿತ್ತು. ಒಂದು ತೂತಿನಿಂದ ಎರೆಹುಳ ಹೊರಬಂದು ನಮ್ಮನ್ನು ನೋಡಿದಂತೆ ಮಾಡಿ ಒಳಗೆ ಹೋಯಿತು.

ಆಮೇಲೆ ನನ್ನ ಪಾಲು. ಮೇಲಿನ ಒಂದು ಗೇಣು ಸಡಿಲ. ಅದರ ಕೆಳಗೆ ಹಾರೆ ಇಳಿಸಿದರೆ ಠಣ್ ಅಂದಿತು. ಮಣ್ಣು ಪುಡಿಯಾಗದೆ ಹೆಂಚಿನ ಚೂರಿನಂತೆ ಹಲ್ಲೆ ಹಲ್ಲೆಯಾಗಿ ಎದ್ದಿತು, ಒಳಗೆ ಒಂದೂ ತೂತಿಲ್ಲ. ಬೇರುಗಳು ಅಲ್ಲಿಯವರೆಗೆ ನೆಟ್ಟಗೆ ಬಂದು, ಮುಂದೆ ಹೋಗಲಾರದೆ ಅಡ್ಡಕ್ಕೆ ತಿರುಗಿ ಒಂದರ ಮೇಲೊಂದು ಹೆಣೆದುಕೊಂಡಿದ್ದವು. ತುದಿಗಳು ದಪ್ಪಗಾಗಿ ಮೊಂಡಾಗಿದ್ದವು.

ಮಾವ ಒಂದು ಹಲ್ಲೆ ಎತ್ತಿ ನನ್ನ ಕೈಗಿಟ್ಟ. "ನಿಮ್ಮಪ್ಪ ವರ್ಷಾ ವರ್ಷಾ ಇಲ್ಲಿ ನೀರು ಹೊಡೆದು, ಕಲ್ಲಿನ ಗುಂಡು ಉರುಳಿಸಿ, ಸಗಣಿ ಸಾರ್ಸಿ, ಎತ್ತು ತುಳಿಸಿ ಮೂವತ್ತು ವರ್ಷ ಬಡಿದಾನ. ಒಂದು ಕಾಳು ಮಣ್ಣಾಗೆ ಇಳೀಬಾರ್ದು ಅಂತ ಮಾಡಿದ್ದು ಕಣ. ಈಗ ಬೇರು ಇಳೀಲಿ ಅಂದ್ರೆ ಹೆಂಗೆ ಇಳೀತತಿ? ಸಾರ ಐತೆ, ದಾರಿ ಇಲ್ಲ. ಗಾಡಿ ಜಾಡೂ ಅಷ್ಟೇ, ಸುತ್ತಲ ನೆಲಾನೂ ಎತ್ತು ಗಾಡಿ ತುಳಿದು ಗಟ್ಟಿ ಆಗೈತೆ."

"ಇದು ಅಣ್ಣಗ ಗೊತ್ತಿತ್ತು!" ಅಂದೆ.

"ಗೊತ್ತಿತ್ತು" ಅಂದ ಮಾವ. "ಅದ್ಕೇ ಹಗ್ಗ ಎಳಿವಾಗ ಕಣದ ಕಡಿಗೆ ಆರು ಗುಂಟೆ ಹೆಚ್ಚಿಗೆ ಬಿಟ್ಟ. ಹಗ್ಗದ ಇನ್ನೊಂದು ತುದಿ ಹಿಡಿದಿದ್ದೋನು ನಾನು. ನೀನು ಅತ್ತಿಗಿ ಮಾರಿ ನೋಡ್ತಿದ್ದಿ."

ಅಣ್ಣ ಗುದ್ದಲಿ ತಗೊಂಡು ಅಗೆದ ಗುಂಡಿ ಮುಚ್ಚತೊಡಗಿದ. ನಾಚಿಕೆಯಾಗಬೇಕಿತ್ತು ನನಗೆ, ಸ್ವಲ್ಪ ಆಯಿತು ಕೂಡ. ಆದರೆ ನಿಜ ಹೇಳುತ್ತೇನೆ, ಆ ಆರು ಗುಂಟೆ ಹೊಟ್ಟೆಯನ್ನು ಇನ್ನಷ್ಟು ಸುಟ್ಟಿತು. ಬೆಳೆಯಲ್ಲಿ ಮುಂದಿದ್ದವನು ಒಳ್ಳೆಯತನದಲ್ಲೂ ಮುಂದೆ ಹೋಗಿಬಿಟ್ಟನಲ್ಲ!

"ಬೇಕಾದ್ರೆ ತಗೋಳಪ್ಪ ನನ್ನ ಪಾಲು" ಅಂದ ಅಣ್ಣ. "ಸುಗ್ಗಿ ಆದ ಮ್ಯಾಲೆ ಬದಲು ಮಾಡ್ಕೊಳ್ಳೋಣು."

ಹೂಂ ಅನ್ನಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ನನ್ನ ಹೆಂಡತಿ, ಭಾವನ ಎದುರು ಎಂದೂ ಜೋರಾಗಿ ಮಾತಾಡದವಳು, "ಬ್ಯಾಡ್ರಿ ಬಾವಾರೆ. ಆರಿಸಿದ್ದು ನಾವು" ಅಂದಳು.

"ನಿನ್ನ ಹೇಣ್ತಿಗೆ ಇರೋದ್ರಾಗೆ ಅರ್ಧ ಬುದ್ಧಿ ನಿನಗಿದ್ದಿದ್ರೆ ಉಕ್ಕಡಗಾತ್ರಿಯಿಂದ ನನ್ನ ಎರಡು ಸಲ ಎಳೆಸ್ತಿರ್ಲಿಲ್ಲ" ಅಂದ ಮಾವ. ಮಾತು ಅಲ್ಲಿಗೆ ಮುಗಿಯಿತು. ದಾವಣಗೆರೆ ಬಸ್ಸಿನಲ್ಲಿ ಹೆಂಡತಿಯ ಪಕ್ಕ ಕೂತೆ. ದಾರಿಯಲ್ಲಿ ಬಾತಿ ಊರಿನ ಹತ್ತಿರ ಅವಳು ಶೇಂಗಾ ಪೊಟ್ಟಣ ಮುಂದೆ ಹಿಡಿದಳು. ಕಿಟಕಿಯ ಕಡೆ ತಿರುಗಿಕೊಂಡೆ.

ಬೇಸಿಗೆಯಲ್ಲಿ ಅಣ್ಣ ತಾನಾಗಿಯೇ ಎರಡು ಜೋಡಿ ಎತ್ತು ಹೂಡಿ, ನೆಲ ಪೂರ್ತಿ ಒಣಗಿದ್ದಾಗ ಕಬ್ಬಿಣದ ನೇಗಿಲಿನಿಂದ ಕಣವನ್ನು ಆಳವಾಗಿ ಉತ್ತ. ಹಸಿಯಲ್ಲಿ ಉತ್ತರೆ ಇನ್ನಷ್ಟು ಗಟ್ಟಿಯಾಗುತ್ತದೆ ಅಂತ ಅವನ ಲೆಕ್ಕ. ಎದ್ದ ಹೆಂಟೆಗಳನ್ನು ನಾನು, ನನ್ನ ಹೆಂಡತಿ ಒಡೆದೆವು. ಕೊಟ್ಟಿಗೆ ಗೊಬ್ಬರ ಚೆಲ್ಲಿದೆವು. ಆ ಮುಂಗಾರಿಗೆ ಜೋಳ ಬಿಟ್ಟು ತೊಗರಿ ಹಾಕಿದೆ. ಬೀಜ ಅತ್ತಿಗೆ ಕೊಟ್ಟಳು. ಬೆಳೆ ಅಂಥದ್ದೇನೂ ಆಗಲಿಲ್ಲ.

ಕೊಯ್ಲಾದ ಮೇಲೆ ತೊಗರಿಯ ಒಂದು ಕೂಳೆ ಹಿಡಿದು ಕೀಳಹೋದೆ. ಬರಲಿಲ್ಲ. ಎರಡೂ ಕಾಲು ಊರಿ ಎಳೆದೆ. ಕೂಳೆ ಲಟಕ್ಕನೆ ಮುರಿದು ಕೈಗೆ ಬಂತು, ಬೇರು ಒಳಗೇ ಉಳಿಯಿತು. ಬದುವಿನ ಆಚೆಯಿಂದ ಅಣ್ಣ ಕೂಗಿದ: "ಕೀಳಬ್ಯಾಡೋ, ಬೇರು ಅಲ್ಲೇ ಕೊಳೀಲಿ ಬಿಡು."

ಬಿಟ್ಟೆ.