ಪಾಸ್ಟರ್ ಫೋನಿನಿಂದ ಹೋದ ಕರೆ

ಮೊದಲೇ ಹೇಳಿಬಿಡುತ್ತೇನೆ: ಆ ಭಾನುವಾರ ಪಾಸ್ಟರ್ ಫೋನು ಮುಟ್ಟಿದ ಮೂರ್ಖ ನಾನೇ. ಅವರು ಪ್ರಾರ್ಥನಾ ಮಂದಿರದಲ್ಲಿ ಅದನ್ನು ಚಾರ್ಜಿಗೆ ಹಾಕಿ ಊಟಕ್ಕೆ ಹೋಗಿದ್ದರು. ಫೋನಿಗೆ ಲಾಕ್ ಇರಲಿಲ್ಲ. ನನ್ನ ಬಾಯಿಗೂ ಇಲ್ಲ.

ಕುಷ್ಟಗಿಯ ನಮ್ಮ ತಗಡಿನ ಮಂದಿರಕ್ಕೆ ಬರುವವರಲ್ಲಿ ನಾನು ಅಣಕಿಸದವರಿಲ್ಲ. ತಾವರಗೇರಾ ಬಸ್ಸಿನ ಕಂಡಕ್ಟರ್, ನಮ್ಮಪ್ಪನ ಗೊರಕೆ, ಹುಡುಗಿಯರ ಮುಂದೆ ಕೀರಲಾಗುವ ನನ್ನದೇ ದನಿ, ಎಲ್ಲವೂ ಬರುತ್ತದೆ. ಎಲ್ಲಕ್ಕಿಂತ ಚೆನ್ನಾಗಿ ಬರುತ್ತಿದ್ದದ್ದು ಪಾಸ್ಟರ್ ದನಿ. ದೇವರು ತಮಗೆ ಮಾಡಿದ್ದಕ್ಕೆ ಸಾಕ್ಷಿ ಹೇಳಲು ಎದ್ದವರು "ಆತ್ಮನೇ ನನ್ನ ಬಾಯಾಗ ಮಾತಾಡ್ತು" ಅಂದಾಗ ಹಿಂದಿನ ಸಾಲಿನಲ್ಲಿ ಕಿಸಕ್ಕೆಂದು ನಕ್ಕವನು ನಾನು. ಒಬ್ಬರ ಬಾಯಲ್ಲಿ ಇನ್ನೊಬ್ಬರ ದನಿ ಬರಲು ಒಂದು ವಾರದ ಅಭ್ಯಾಸ ಸಾಕು, ಆತ್ಮವೇ ಯಾಕೆ ಬೇಕು ಎನ್ನುತ್ತಿದ್ದೆ.

ಚಿಕ್ಕಪ್ಪನ ಮಗಳು ಸುಲೋಚನಕ್ಕನಿಗೆ ಗಂಗಾವತಿಯ ಸಂಬಂಧ ತಂದವರು ಪಾಸ್ಟರೇ. "ವಿಶ್ವಾಸಿಗಳ ಮನಿ ಐತಿ, ಹುಡುಗ ಭಾಳ ಛಲೋ ಅದಾನ" ಎಂದಿದ್ದರು. ಬುಧವಾರ ನಿಶ್ಚಿತಾರ್ಥವೆಂದೂ ಆಗಿತ್ತು. ಅಕ್ಕನ ಮನಸ್ಸು ಮಾತ್ರ ತೂಗಾಡುತ್ತಿತ್ತು. ಮೂರು ದಿನ ಉಪವಾಸ ಹಿಡಿದು, ದೇವರ ಚಿತ್ತವೇನೆಂದು ಪ್ರಾರ್ಥಿಸಿ ತಿಳಿಸಿ ಎಂದು ಅದೇ ಪಾಸ್ಟರನ್ನು ಕೇಳಿಕೊಂಡಿದ್ದಳು. ನಮ್ಮಲ್ಲಿ ಇದೇ ರೂಢಿ. ಈಗ ನೆನೆದರೆ ಮೈ ಉರಿಯುತ್ತದೆ. ಹುಡುಗನ ಓಣಿಯಲ್ಲಿ ನಾಲ್ಕು ಮಂದಿಯನ್ನು ವಿಚಾರಿಸಲು ಅರ್ಧ ದಿನ ಸಾಕಿತ್ತು. ಒಬ್ಬರೂ ಹೋಗಲಿಲ್ಲ, ಬೈಕ್ ಇದ್ದ ನಾನೂ ಹೋಗಲಿಲ್ಲ. ಆರಿಸಬೇಕಾದವರು ನಾವು. ಆ ಕೆಲಸವನ್ನು ದೇವರ ತಲೆಗೆ ಕಟ್ಟಿ, ಕಣ್ಣುಮುಚ್ಚಿ ಕೂರುವುದಕ್ಕೆ ಭಕ್ತಿ ಎಂದು ಹೆಸರಿಡುತ್ತೇವೆ.

ನನ್ನ ಯೋಜನೆ ಇಷ್ಟೇ: ಪಾಸ್ಟರ್ ದನಿಯಲ್ಲಿ "ಒಪ್ಕೋ ಮಗಳ, ಆದ್ರ ಬಿರಿಯಾನಿ ಮಾಡ್ಸು, ಇದು ದೇವರ ಚಿತ್ತ" ಎಂದು ಹೇಳಿ ನಕ್ಕುಬಿಡುವುದು. ಅಕ್ಕನ ನಂಬರಿಗೆ ಕರೆ ಮಾಡಿ, ಅವರಂತೆಯೇ ಎರಡು ಸಲ ಕೆಮ್ಮಿದೆ.

"ಹೇಳ್ರಿ ಪಾಸ್ಟರ್, ಏನು ಉತ್ತರ ಬಂತ್ರಿ?" ಅಕ್ಕ ಮೊದಲ ರಿಂಗಿಗೇ ಎತ್ತಿದ್ದಳು. ಆಗಲೇ ಫೋನಿಡಬೇಕಿತ್ತು. ಬಾಯಿ ತೆರೆದೆ.

"ಬ್ಯಾಡ ಮಗಳ. ಅವನ ಹೆಂಡ್ತಿ ಹುಲಿಹೈದರದಾಗ ಅದಾಳ. ಕೂಸಿನ ಮೈ ಸುಡಾಕತ್ತೈತಿ. ಲಗೂನ ಹೋಗ್ರಿ."

ದನಿ ನಾನು ತೆಗೆದದ್ದೇ. ಮಾತು ನನ್ನದಲ್ಲ. ಹುಲಿಹೈದರ ಎಂಬ ಹೆಸರನ್ನು ಬಸ್ಸಿನ ಫಲಕದಲ್ಲಿ ಓದಿದ್ದೆನೇ ಹೊರತು ಊರು ಕಂಡವನಲ್ಲ. ನಡುವೆ ಬಾಯಿ ಮುಚ್ಚಲು ನೋಡಿದೆ. ಮಾತು ಮುಗಿಯುವ ತನಕ ಅದು ಮುಚ್ಚಲಿಲ್ಲ. ಕರೆ ಕತ್ತರಿಸಿ, ಫೋನನ್ನು ಮತ್ತೆ ಚಾರ್ಜಿಗೆ ಹಾಕಿ, ಕಾದು ಹಂಚಾಗಿದ್ದ ತಗಡಿನ ಕೆಳಗಿಂದ ಹೊರಗೆ ಓಡಿದೆ.

ಮರುದಿನ ನಸುಕಿನಲ್ಲೇ ಅಕ್ಕ ಅವ್ವನಿಗೆ ಏನೂ ಹೇಳದೆ ಚಿಕ್ಕಪ್ಪನನ್ನು ಎಬ್ಬಿಸಿ ಹುಲಿಹೈದರಕ್ಕೆ ಹೊರಟಳು. ಹುಡುಗನ ಹೆಸರು ಹೇಳಿ ಕೇಳಿದ ಎರಡನೇ ಮನೆಯವರೇ ದಾರಿ ತೋರಿಸಿದರಂತೆ. ಅವನ ಹೆಂಡತಿ ತವರಿನ ಪಡಸಾಲೆಯಲ್ಲಿ ಕೂತು ಎಳೆಗೂಸಿನ ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದಳು. ಅಕ್ಕ ಜಗಳಕ್ಕೆ ನಿಲ್ಲಲಿಲ್ಲ. ತಾಯಿ-ಮಗುವನ್ನು ಆಟೊ ಹತ್ತಿಸಿ ಗಂಗಾವತಿ ಆಸ್ಪತ್ರೆಗೆ ಒಯ್ದಳು. ಕೂಸು ಉಳಿಯಿತು. ಸಂಬಂಧ ಮುರಿಯಿತು.

ಸಂಜೆ ಅಕ್ಕನ ಮುಂದೆ ನಿಜ ಒಪ್ಪಿಕೊಂಡೆ. ಕಪಾಳಕ್ಕೆ ಒಂದು ಬಿಟ್ಟಳು. ಆಮೇಲೆ ತಾನೇ ನೀರು ತಂದುಕೊಟ್ಟಳು. ಪಾಸ್ಟರಿಗೂ ಹೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಫೋನು ನಂದು, ದನಿ ನಂದು. ನಡುವ ನೀ ಯಾರಲೇ?" ಎಂದರು.

ಎಲ್ಲೋ ಯಾರದೋ ಮಾತು ಕಿವಿಗೆ ಬಿದ್ದಿತ್ತೇ ಎಂದು ಎಷ್ಟೋ ಸಲ ಹುಡುಕಿದ್ದೇನೆ. ಬಿದ್ದಿರಲಿಲ್ಲ. ದೇವರೇ ಮಾತಾಡಿದನೆನ್ನೋಣವೆಂದರೆ, ಇಷ್ಟು ಮಂದಿ ಮೊಣಕಾಲೂರಿದವರಿರುವಾಗ ದನಿ ಕದಿಯುತ್ತಿದ್ದ ನನ್ನ ಬಾಯೇ ಬೇಕಿತ್ತೇ? ವರ್ಷಗಳಾದವು, ಇಂದಿಗೂ ಇದನ್ನೇ ಕೇಳುತ್ತೇನೆ. ಸಿಟ್ಟಿದೆ. ಆ ದೇವರ ಮೇಲೆ, ನನ್ನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಆ ಕರೆಯ ಮುಂದಿನ ಭಾನುವಾರದ ಮೇಲೆ.

ಆ ದಿನ ಪಾಸ್ಟರ್ ಮೈಕ್ ಹಿಡಿದು, "ನನ್ನ ಬಾಯಿಂದ ಬಂದ ಎಚ್ಚರಿಕಿ ಕೇಳಿ ಸುಲೋಚನಾ ಉಳದಾಳ. ಎಲ್ಲಾರೂ ಸ್ತೋತ್ರ ಹೇಳ್ರಿ" ಎಂದರು. ಎಲ್ಲರೂ ಹೇಳಿದರು. ನಾನು ಹಲ್ಲು ಕಚ್ಚಿ ಏಳುವಷ್ಟರಲ್ಲಿ, ಹೆಂಗಸರ ಕಡೆಯಿಂದ ಅಕ್ಕ ಎದ್ದು ನಿಂತಿದ್ದಳು. ಅವಳು ಕೇಳಿದ ಮೇಲೆ ಮಂದಿರದಲ್ಲಿ ಪಾಸ್ಟರ್ ಎಚ್ಚರಿಕೆಯ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

"ಪಾಸ್ಟರ್, ಭಾನುವಾರ ಮಧ್ಯಾಹ್ನಕ್ಕ ನಿಮಗ ಗೊತ್ತಾಗಿದ್ರ, ಸೋಮವಾರ ನಾ ಹುಲಿಹೈದರದಾಗ ಇದ್ದಾಗ ನಮ್ಮ ಮನಿಗೆ ಬಂದು, 'ನಿಮ್ಮ ಮಗಳಿಗೆ ಒಪ್ಕೊ ಅನ್ರಿ, ಇದ ದೇವರ ಚಿತ್ತ' ಅಂತ ನಮ್ಮವ್ವಗ ಯಾಕ ಹೇಳಿ ಹೋದ್ರಿ?"